ವರ್ತಕರ ಇ-ಮೇಲ್ ಮತ್ತು ಫೈರ್‌ವಾಲ್: ಬೇಕಾದ ಬಾಗಿಲು ಮಾತ್ರ ತೆರೆದಿರಲಿ

ವಾಣಿಜ್ಯ ವ್ಯವಹಾರದಲ್ಲಿ ಪತ್ರಕ್ಕೆ ಇರುವ ಸ್ಥಾನ ಹಿಂದಿನಿಂದಲೂ ದೊಡ್ಡದು. ದರಪಟ್ಟಿ, ಖರೀದಿ ಆದೇಶ, ಬಿಲ್ಲು, ಲಾರಿ ರಸೀದಿ, ಬಾಕಿ ಕೇಳುವ ಜ್ಞಾಪನಪತ್ರ ಇವೆಲ್ಲವೂ ಒಂದು ಕಾಲದಲ್ಲಿ ಅಂಚೆಯ ಚೀಲದಲ್ಲಿ ಬರುತ್ತಿದ್ದವು. 1995ರ ಆಗಸ್ಟ್ 15ರಂದು ವಿದೇಶ ಸಂಚಾರ ನಿಗಮವು ದೇಶದ ಸಾರ್ವಜನಿಕರಿಗೆ ಅಂತರ್ಜಾಲ ಸೇವೆಯನ್ನು ಆರಂಭಿಸಿದ ಮೇಲೆ ಈ ಚೀಲದ ಭಾರ ಕ್ರಮೇಣ ಇ-ಮೇಲ್‌ಗೆ ವರ್ಗವಾಯಿತು. ಆದರೆ ಅಂಚೆಯ ಲಕೋಟೆಗೆ ಅಂಟು ಹಚ್ಚುವ, ಮುಖ್ಯ ಕಾಗದವನ್ನು ರಿಜಿಸ್ಟರ್ಡ್ ಮಾಡಿಸುವ ಹಳೆಯ ಎಚ್ಚರಿಕೆ ಮಾತ್ರ ಅದರೊಡನೆ ವರ್ಗವಾಗಲಿಲ್ಲ. ಬಹುಪಾಲು ಸಣ್ಣ ಕಚೇರಿಗಳಲ್ಲಿ ಇ-ಮೇಲ್ ಎಂದರೆ ಯಾರೋ ತಂತ್ರಜ್ಞ ಒಮ್ಮೆ ಜೋಡಿಸಿಕೊಟ್ಟುಹೋದ ಸೌಕರ್ಯ. ಅದು ಕೆಲಸ ಮಾಡುತ್ತಿರುವ ತನಕ ಅದರ ಬಗ್ಗೆ ಯಾರೂ ವಿಚಾರಿಸುವುದಿಲ್ಲ.

ಜೊಯಿಡಾ ತಾಲ್ಲೂಕಿನ ರಾಮನಗರವನ್ನೇ ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ಸೂಪಾ ಅಣೆಕಟ್ಟಿನಿಂದ ಮನೆಮಠ ಕಳೆದುಕೊಂಡವರಲ್ಲಿ ಅನೇಕರು ಬಂದು ನೆಲೆಸಿದ ಈ ಊರು ಬೆಳಗಾವಿಯಿಂದ ಗೋವೆಗೆ ಹೋಗುವ ಹೆದ್ದಾರಿಯಲ್ಲಿದೆ. ಇಲ್ಲಿನ ಅಂಗಡಿಕಾರರ ಸರಕು ಹೊರಗಿನಿಂದ ಬರುತ್ತದೆ. ಗಣೇಶಗುಡಿಯ ಸುತ್ತಲಿನ ವಸತಿಗೃಹಗಳಿಗೆ ಕಾಳಿ ನದಿಯ ಜಲಕ್ರೀಡೆಗೆಂದು ಬರುವವರು ದೂರದ ನಗರಗಳಿಂದಲೇ ಕೊಠಡಿ ಕಾಯ್ದಿರಿಸುತ್ತಾರೆ. ದಾಂಡೇಲಿಯ ಕಾಗದ ಕಾರ್ಖಾನೆಗೂ ಹಳಿಯಾಳದ ಸಕ್ಕರೆ ಕಾರ್ಖಾನೆಗೂ ಬಿಡಿಭಾಗ ಒದಗಿಸುವಂಥ ಸಣ್ಣ ಉದ್ದಿಮೆಗೆ ಆದೇಶ ಬರುವುದು ಇ-ಮೇಲ್ ಮೂಲಕವೇ. ಅರಣ್ಯದ ನಡುವೆ ದೂರವಾಣಿಯ ಸಂಕೇತ ಬಂದುಹೋಗುವ ಪ್ರದೇಶದಲ್ಲಿ, ಸಂಪರ್ಕ ಸಿಕ್ಕಾಗ ತಾನಾಗಿ ಹೋಗಿ ತಲುಪುವ ಇ-ಮೇಲ್‌ಗೆ ಇನ್ನೂ ಹೆಚ್ಚಿನ ಬೆಲೆಯಿದೆ. ಹೀಗಿರುವಾಗ ಆ ಇ-ಮೇಲ್ ಕಚೇರಿಯ ಗಣಕಯಂತ್ರದಿಂದ ಸರ್ವರ್‌ವರೆಗೆ ಯಾವ ದಾರಿಯಲ್ಲಿ, ಯಾರ ಕಣ್ಣಿಗೆ ಬೀಳುತ್ತ ಸಾಗುತ್ತದೆ ಎಂಬುದು ತಂತ್ರಜ್ಞರಿಗಷ್ಟೇ ಬಿಡಬಹುದಾದ ವಿಷಯವಲ್ಲ. ಅದು ಲೆಕ್ಕಪತ್ರದಷ್ಟೇ ಮುಖ್ಯವಾದ ವ್ಯವಹಾರದ ವಿಷಯ.

ಹಣ ಹೋಗುವ ಬಗೆ

2015ರಲ್ಲಿ ಸಾರ್ವಜನಿಕ ವಲಯದ ತೈಲ ಮತ್ತು ನೈಸರ್ಗಿಕ ಅನಿಲ ನಿಗಮಕ್ಕೆ, ಅಂದರೆ ಒಎನ್‌ಜಿಸಿಗೆ, ವಿದೇಶಿ ಖರೀದಿದಾರನಿಂದ ಬರಬೇಕಿದ್ದ ನಾಫ್ತಾದ ಹಣ ಸುಮಾರು 197 ಕೋಟಿ ರೂಪಾಯಿ ವಂಚಕರ ಖಾತೆಗೆ ಹೋಯಿತೆಂದು ವರದಿಯಾಯಿತು. ನಿಗಮದ ಇ-ಮೇಲ್ ವಿಳಾಸದಲ್ಲಿನ ಎರಡು ಅಕ್ಷರಗಳನ್ನು ಹಿಂದುಮುಂದು ಮಾಡಿ ಸೃಷ್ಟಿಸಿದ ವಿಳಾಸದಿಂದ, ಬ್ಯಾಂಕ್ ಖಾತೆ ಬದಲಾಗಿದೆ ಎಂಬ ಸೂಚನೆ ಹೋಗಿತ್ತು. 2024ರ ನವೆಂಬರ್‌ನಲ್ಲಿ ಬೆಂಗಳೂರಿನ ಔಷಧ ತಯಾರಿಕಾ ಸಂಸ್ಥೆಯೊಂದಕ್ಕೆ ಹೈದರಾಬಾದಿನ ದೊಡ್ಡ ಕಂಪೆನಿಯಿಂದ ಬರಬೇಕಿದ್ದ 2 ಕೋಟಿಗೂ ಮೀರಿದ ಮೊತ್ತ ಇದೇ ರೀತಿಯಲ್ಲಿ ಬೇರೆಡೆಗೆ ಹೋದ ಸುದ್ದಿ ಬಂತು. ಅಮೆರಿಕದ ಎಫ್‌ಬಿಐಗೆ 2023ರ ಒಂದೇ ವರ್ಷದಲ್ಲಿ ಈ ಬಗೆಯ ವಂಚನೆಯಿಂದ ವರದಿಯಾದ ನಷ್ಟ ಸುಮಾರು 290 ಕೋಟಿ ಡಾಲರ್.

ಈ ಪ್ರಕರಣಗಳಲ್ಲಿ ಗಮನಿಸಬೇಕಾದ ಅಂಶವೊಂದಿದೆ. ಸುಳ್ಳು ವಿಳಾಸವನ್ನು ಸೃಷ್ಟಿಸುವುದು ಯಾರಿಗಾದರೂ ಸುಲಭ. ಆದರೆ ಯಾವ ಬಿಲ್ಲು, ಎಷ್ಟು ಮೊತ್ತ, ಯಾವ ದಿನ ಪಾವತಿ, ಯಾರ ಸಹಿ, ಯಾವ ಧಾಟಿಯ ಬರವಣಿಗೆ ಎಂಬುದು ವಂಚಕನಿಗೆ ತಿಳಿಯದೆ ಸುಳ್ಳು ಪತ್ರವು ನಂಬಿಕೆಗೆ ಅರ್ಹವಾಗದು. ಆ ಮಾಹಿತಿ ಅವನಿಗೆ ಸಿಗುವ ಅತಿ ಸುಲಭದ ಸ್ಥಳವೆಂದರೆ ಎರಡು ಪಕ್ಷಗಳಲ್ಲಿ ಒಬ್ಬರ ಅಂಚೆಪೆಟ್ಟಿಗೆ. ಪಾಸ್‌ವರ್ಡ್ ಕೈಸೇರಿದ ಮೇಲೆ ಅವನು ಅವಸರ ಮಾಡುವುದಿಲ್ಲ. ಬರುವ ಪತ್ರಗಳ ಪ್ರತಿ ತನಗೂ ಬರುವಂತೆ ನಿಯಮವೊಂದನ್ನು ಬರೆದಿಟ್ಟು, ದೊಡ್ಡ ಪಾವತಿಯ ದಿನಕ್ಕಾಗಿ ಕಾಯುತ್ತಾನೆ. ಸಂಪರ್ಕವನ್ನು ಭದ್ರಪಡಿಸುವುದರಿಂದ ಸುಳ್ಳು ವಿಳಾಸಗಳು ಇಲ್ಲವಾಗುವುದಿಲ್ಲ, ನಿಜ. ಆದರೆ ವಂಚನೆಯ ಮೊದಲ ಮೆಟ್ಟಿಲನ್ನು ಅದು ಕಿತ್ತುಹಾಕುತ್ತದೆ.

ಪಾಸ್‌ವರ್ಡ್ ಕಳುವಾಗುವ ಮಾರ್ಗಗಳು ಮುಖ್ಯವಾಗಿ ಮೂರು. ಒಂದು, ಗುಪ್ತೀಕರಣವಿಲ್ಲದ ಸಂಪರ್ಕದಲ್ಲಿ ಅದು ಬಿಚ್ಚು ಅಕ್ಷರಗಳಲ್ಲಿ ಹೋಗುವಾಗ, ಅದೇ ವೈ-ಫೈ ಜಾಲದಲ್ಲಿರುವ ಅನ್ಯನು ಅದನ್ನು ಓದುವುದು. ಎರಡು, ಜಗತ್ತಿಗೆಲ್ಲ ತೆರೆದಿಟ್ಟ ಸರ್ವರ್‌ನ ಬಾಗಿಲಲ್ಲಿ ಯಂತ್ರಗಳು ಹಗಲಿರುಳು ಊಹೆಯ ಪಾಸ್‌ವರ್ಡ್‌ಗಳನ್ನು ಪ್ರಯತ್ನಿಸುವುದು. ಮೂರು, ಸುಳ್ಳು ಪುಟವನ್ನು ತೋರಿಸಿ ಬಳಕೆದಾರನಿಂದಲೇ ಬರೆಸಿಕೊಳ್ಳುವುದು. ಮೊದಲನೆಯದನ್ನು ಗುಪ್ತೀಕರಣ ತಡೆಯುತ್ತದೆ. ಎರಡನೆಯದನ್ನು ಫೈರ್‌ವಾಲ್ ಬಹಳ ಮಟ್ಟಿಗೆ ತಗ್ಗಿಸುತ್ತದೆ. ಮೂರನೆಯದಕ್ಕೆ ಮೊಬೈಲಿಗೆ ಬರುವ ಎರಡನೆಯ ಹಂತದ ಪರಿಶೀಲನೆ ಮತ್ತು ಸಿಬ್ಬಂದಿಯ ಎಚ್ಚರಿಕೆಯೇ ಮದ್ದು.

ಬಾಗಿಲುಗಳ ಲೆಕ್ಕ

ಅನಮೋಡ ಘಾಟಿನಲ್ಲಿ ಗೋವೆಯ ಕಡೆಗೆ ಹೋಗುವ ಲಾರಿಯನ್ನು ತನಿಖಾ ನಾಕೆಯಲ್ಲಿ ತಡೆದು ಕಾಗದಪತ್ರ ನೋಡುವಂತೆ, ಫೈರ್‌ವಾಲ್ ಎಂಬುದು ಕಚೇರಿಯ ಜಾಲಕ್ಕೂ ಹೊರಗಿನ ಅಂತರ್ಜಾಲಕ್ಕೂ ನಡುವೆ ನಿಂತ ನಾಕೆ. ಮಾಹಿತಿಯ ಪೊಟ್ಟಣ ಯಾವ ವಿಳಾಸದಿಂದ ಬಂದಿದೆ, ಯಾವ ವಿಳಾಸಕ್ಕೆ ಹೊರಟಿದೆ, ಯಾವ ಸಂಖ್ಯೆಯ ಬಾಗಿಲನ್ನು ಕೇಳುತ್ತಿದೆ ಎಂಬುದನ್ನು ನೋಡಿ ಬಿಡುತ್ತದೆ ಅಥವಾ ತಡೆಯುತ್ತದೆ. ಈ ಬಾಗಿಲುಗಳಿಗೆ ಪೋರ್ಟ್ ಎಂದು ಹೆಸರು. ಇ-ಮೇಲ್‌ಗೆ ಸಂಬಂಧಿಸಿದ ಪೋರ್ಟ್‌ಗಳು ಬೆರಳೆಣಿಕೆಯಷ್ಟೇ. ಅವುಗಳ ಸಂಖ್ಯೆಯನ್ನು ಪ್ರತಿಯೊಬ್ಬ ವರ್ತಕನೂ ತನ್ನ ಜಿಎಸ್‌ಟಿ ಸಂಖ್ಯೆಯಂತೆ ಬರೆದಿಟ್ಟುಕೊಳ್ಳುವುದು ಒಳ್ಳೆಯದು.

25ನೇ ಪೋರ್ಟ್ ಒಂದು ಸರ್ವರ್ ಇನ್ನೊಂದು ಸರ್ವರ್‌ಗೆ ಪತ್ರವನ್ನು ಒಪ್ಪಿಸುವ ಬಾಗಿಲು. ಅಂಗಡಿಯ ಗಣಕಯಂತ್ರಕ್ಕೆ ಅದರ ಕೆಲಸವಿಲ್ಲ. 110 ಮತ್ತು 143ನೇ ಪೋರ್ಟ್‌ಗಳು ಬಂದ ಪತ್ರವನ್ನು ಸರ್ವರ್‌ನಿಂದ ತಂದುಕೊಳ್ಳುವ ಹಳೆಯ ಬಾಗಿಲುಗಳು. ಇಲ್ಲಿ ಸಂಪರ್ಕ ಆರಂಭವಾಗುವುದು ಬಿಚ್ಚು ಅಕ್ಷರಗಳಲ್ಲಿ. ಅದೇ ಕೆಲಸವನ್ನು ಮೊದಲಿನಿಂದಲೇ ಗುಪ್ತೀಕರಣದೊಡನೆ ಮಾಡುವ ಬಾಗಿಲುಗಳು 995 ಮತ್ತು 993. ಬರೆದ ಪತ್ರವನ್ನು ಸ್ವಂತ ಸರ್ವರ್‌ಗೆ ಒಪ್ಪಿಸಲು 587 ಮತ್ತು 465 ಇವೆ. 587ರಲ್ಲಿ ಸಂಭಾಷಣೆ ಬಿಚ್ಚಾಗಿ ಆರಂಭವಾಗಿ, ಸ್ಟಾರ್ಟ್ ಟಿಎಲ್‌ಎಸ್ ಎಂಬ ಆಜ್ಞೆಯ ನಂತರ ಗುಪ್ತವಾಗುತ್ತದೆ. 465ರಲ್ಲಿ ಮೊದಲ ಅಕ್ಷರದಿಂದಲೇ ಗುಪ್ತ. ಅಂತರ್ಜಾಲದ ನಿಯಮಾವಳಿಗಳನ್ನು ರೂಪಿಸುವ ಐಇಟಿಎಫ್ ಸಂಸ್ಥೆ 2018ರ ಜನವರಿಯಲ್ಲಿ ಪ್ರಕಟಿಸಿದ ಆರ್‌ಎಫ್‌ಸಿ 8314 ಎಂಬ ದಾಖಲೆಯು, ಅಂಚೆಪೆಟ್ಟಿಗೆಯ ಸಂಪರ್ಕದಲ್ಲಿ ಬಿಚ್ಚು ಅಕ್ಷರಗಳ ಬಳಕೆ ಕಾಲಬಾಹಿರವೆಂದು ಹೇಳಿ, ಮೊದಲಿನಿಂದಲೇ ಗುಪ್ತವಾಗಿರುವ ವಿಧಾನಕ್ಕೆ ಆದ್ಯತೆ ನೀಡಿದೆ.

ಈ ಆದ್ಯತೆಗೆ ಕಾರಣವೂ ಸ್ಪಷ್ಟ. ಕೆಲವು ಫೈರ್‌ವಾಲ್‌ಗಳು ಅಂಚೆಯ ಸಂಭಾಷಣೆಯನ್ನು ಪರೀಕ್ಷಿಸುವ ಭರದಲ್ಲಿ ಸ್ಟಾರ್ಟ್ ಟಿಎಲ್‌ಎಸ್ ಎಂಬ ಪದವನ್ನೇ ಅಳಿಸಿಹಾಕುತ್ತವೆ. ನಡುವೆ ಕುಳಿತ ವಂಚಕನೂ ಹಾಗೆ ಮಾಡಬಲ್ಲ. ಗಣಕಯಂತ್ರದ ಅಂಚೆ ತಂತ್ರಾಂಶದಲ್ಲಿ ಗುಪ್ತೀಕರಣವನ್ನು "ಲಭ್ಯವಿದ್ದರೆ" ಎಂದು ಇಟ್ಟಿದ್ದರೆ, ಅದು ಸರ್ವರ್‌ಗೆ ಗುಪ್ತೀಕರಣ ಬರುವುದಿಲ್ಲವೆಂದು ಭಾವಿಸಿ, ಏನನ್ನೂ ಹೇಳದೆ ಪಾಸ್‌ವರ್ಡನ್ನು ಬಿಚ್ಚಾಗಿ ಕಳುಹಿಸಿಬಿಡುತ್ತದೆ. ಆದುದರಿಂದ 587ನ್ನು ಬಳಸುವವರು ಗುಪ್ತೀಕರಣವನ್ನು "ಕಡ್ಡಾಯ" ಎಂದೇ ಇಡಬೇಕು. ಸಾಧ್ಯವಿದ್ದಲ್ಲಿ 465 ಮತ್ತು 993ನ್ನು ಬಳಸುವುದು ಉತ್ತಮ.

ಎಲ್ಲವನ್ನೂ ತೆರೆದಿಡುವ ಚಾಳಿ

ಪೋರ್ಟ್‌ಗಳು ಇಷ್ಟೇ ಇರುವಾಗ ಸಮಸ್ಯೆ ಬರುವುದು ಎಲ್ಲಿಂದ? ಬಹುತೇಕ ಸಂದರ್ಭಗಳಲ್ಲಿ ಅವಸರದಿಂದ. ಕಚೇರಿಯಲ್ಲಿ ಫೈರ್‌ವಾಲ್ ಕೂಡಿಸಿದ ಮರುದಿನ ಇ-ಮೇಲ್ ನಿಂತುಹೋಗುತ್ತದೆ. ಮಾಲೀಕರು ಸಿಟ್ಟಾಗುತ್ತಾರೆ. ಹುಬ್ಬಳ್ಳಿಯಿಂದಲೋ ಬೆಳಗಾವಿಯಿಂದಲೋ ಬಂದ ತಂತ್ರಜ್ಞ ಸಂಜೆಯ ಬಸ್ಸು ಹಿಡಿಯಬೇಕು. ಯಾವ ಬಾಗಿಲು ಬೇಕೆಂದು ಹುಡುಕುವುದಕ್ಕಿಂತ ಎಲ್ಲರಿಗೂ ಎಲ್ಲಕ್ಕೂ ಅನುಮತಿ ಎಂಬ ಒಂದು ಸಾಲನ್ನು ಬರೆದುಬಿಟ್ಟರೆ ಕೆಲಸ ಮುಗಿಯಿತು. ಇ-ಮೇಲ್ ಬರುತ್ತದೆ, ಎಲ್ಲರಿಗೂ ಸಮಾಧಾನವಾಗುತ್ತದೆ. ಲಾರಿ ಒಳಗೆ ಬರಲು ತೊಡಕಾಯಿತೆಂದು ಗೋದಾಮಿನ ಗೋಡೆಯನ್ನೇ ಒಡೆದು ಹಾಕಿದ ಹಾಗೆ ಇದು. ಫೈರ್‌ವಾಲ್‌ಗೆ ಕೊಟ್ಟ ಹಣ ಆ ಕ್ಷಣಕ್ಕೆ ವ್ಯರ್ಥವಾಯಿತು. ಭದ್ರತೆಯಿದೆ ಎಂಬ ಹುಸಿ ನಂಬಿಕೆ ಮಾತ್ರ ಉಳಿಯಿತು.

ಇಂಥದೇ ಇನ್ನೊಂದು ಚಾಳಿ ಪ್ರಮಾಣಪತ್ರದ ಎಚ್ಚರಿಕೆಯನ್ನು ಕಡೆಗಣಿಸುವುದು. ಸರ್ವರ್ ತಾನು ನಿಜವಾದ ಸರ್ವರ್ ಎಂದು ತೋರಿಸಲು ಪ್ರಮಾಣಪತ್ರವನ್ನು ಮುಂದಿಡುತ್ತದೆ. ಅದರ ಹೆಸರು ಹೊಂದದಿದ್ದರೆ ಅಥವಾ ಅವಧಿ ಮುಗಿದಿದ್ದರೆ ತಂತ್ರಾಂಶ ಎಚ್ಚರಿಸುತ್ತದೆ. "ಹೌದು ಒತ್ತಿ ಮುಂದೆ ಹೋಗಿ" ಎಂಬ ಸಲಹೆ ಕಚೇರಿಗಳಲ್ಲಿ ವಾಡಿಕೆಯಾಗಿದೆ. ಗುರುತು ಹತ್ತದವನ ಕೈಗೆ ಚೆಕ್ಕು ಕೊಡುವುದಕ್ಕೂ ಇದಕ್ಕೂ ವ್ಯತ್ಯಾಸವಿಲ್ಲ. ಹಿಂದೆ ಪ್ರಮಾಣಪತ್ರ ದುಬಾರಿ ಎಂಬ ನೆಪವಾದರೂ ಇತ್ತು. ಲೆಟ್ಸ್ ಎನ್‌ಕ್ರಿಪ್ಟ್ ಎಂಬ ಸೇವೆಯು 2016ರಿಂದ ಅದನ್ನು ಉಚಿತವಾಗಿ ಎಲ್ಲರಿಗೂ ನೀಡುತ್ತಿರುವುದರಿಂದ ಆ ನೆಪವೂ ಉಳಿದಿಲ್ಲ. ಫೈರ್‌ವಾಲ್ ತಾನೇ ಗುಪ್ತ ಸಂಪರ್ಕವನ್ನು ಬಿಚ್ಚಿ ಪರೀಕ್ಷಿಸುವ ಏರ್ಪಾಡಿದ್ದರೂ ಇಂಥ ಎಚ್ಚರಿಕೆ ಬರುತ್ತದೆ. ಆಗ ಅಂಚೆಯ ಸಂಪರ್ಕವನ್ನು ಆ ಪರೀಕ್ಷೆಯಿಂದ ಹೊರಗಿಡಬೇಕು, ಇಲ್ಲವೇ ಫೈರ್‌ವಾಲ್‌ನ ಪ್ರಮಾಣಪತ್ರವನ್ನು ಕಚೇರಿಯ ಯಂತ್ರಗಳಲ್ಲಿ ಸರಿಯಾಗಿ ಸ್ಥಾಪಿಸಬೇಕು. ಎಚ್ಚರಿಕೆಗೆ ಕಣ್ಣು ಮುಚ್ಚುವುದು ಪರಿಹಾರವಲ್ಲ.

ಹಳೆಯ ಯಂತ್ರಗಳ ಪ್ರಶ್ನೆ ಇವೆರಡಕ್ಕಿಂತ ಕಠಿಣವಾದುದು. ಬಿಲ್ಲಿಂಗ್ ತಂತ್ರಾಂಶ ಚೆನ್ನಾಗಿ ನಡೆಯುತ್ತಿದೆ ಎಂಬ ಕಾರಣಕ್ಕೆ ಉಳಿಸಿಕೊಂಡ ವಿಂಡೋಸ್ ಎಕ್ಸ್‌ಪಿ ಯಂತ್ರಗಳಿವೆ. ಅದಕ್ಕೆ ತಯಾರಕರ ಬೆಂಬಲ 2014ರ ಏಪ್ರಿಲ್‌ನಲ್ಲೇ ಮುಗಿದಿದೆ. ವಿಂಡೋಸ್ 10ಕ್ಕೂ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಕೊನೆಗೊಂಡಿತು. ಟಿಎಲ್‌ಎಸ್‌ನ 1.0 ಮತ್ತು 1.1 ಆವೃತ್ತಿಗಳನ್ನು ಐಇಟಿಎಫ್ 2021ರ ಮಾರ್ಚ್‌ನಲ್ಲಿ ಅಧಿಕೃತವಾಗಿ ಕೈಬಿಟ್ಟಿದೆ. ಬರಿಯ ಪಾಸ್‌ವರ್ಡ್‌ನಿಂದ ಪ್ರವೇಶಿಸುವ ಹಳೆಯ ತಂತ್ರಾಂಶಗಳಿಗೆ ಗೂಗಲ್ 2022ರ ಮೇ ತಿಂಗಳ ಕೊನೆಯಿಂದ, ಮೈಕ್ರೋಸಾಫ್ಟ್ ಅದೇ ವರ್ಷದ ಅಕ್ಟೋಬರ್‌ನಿಂದ ಬಾಗಿಲು ಮುಚ್ಚತೊಡಗಿದವು. ಹೊಸ ವಿಧಾನವನ್ನು ಅರಿಯದ ಒಂದು ಯಂತ್ರಕ್ಕಾಗಿ ಇಡೀ ಕಚೇರಿಯ ಸರ್ವರ್‌ನಲ್ಲಿ ಹಳೆಯ ಬಾಗಿಲನ್ನು ತೆರೆದಿಡುವುದು ಲಾಭದ ಲೆಕ್ಕವಲ್ಲ. ಬಿಲ್ಲಿಂಗ್ ಯಂತ್ರವನ್ನು ಅಂತರ್ಜಾಲದಿಂದ ಬೇರ್ಪಡಿಸಿ ಬಿಲ್ಲಿಗೆ ಮಾತ್ರ ಬಳಸಿ, ಇ-ಮೇಲ್‌ಗೆ ಇನ್ನೊಂದು ಯಂತ್ರವನ್ನು ಇಡುವುದೇ ಸಣ್ಣ ಕಚೇರಿಗೆ ಕಡಿಮೆ ಖರ್ಚಿನ ದಾರಿ.

ಕಾನೂನಿನ ಮುಖ

ಇ-ಮೇಲ್ ಕೇವಲ ಅನುಕೂಲದ ಸಾಧನ ಎಂದುಕೊಂಡವರು ಕಾನೂನಿನ ಕಡೆಗೂ ಒಮ್ಮೆ ನೋಡಬೇಕು. ಮಾಹಿತಿ ತಂತ್ರಜ್ಞಾನ ಕಾಯಿದೆ 2000ರ 10ಎ ಕಲಂ ವಿದ್ಯುನ್ಮಾನ ಮಾಧ್ಯಮದ ಮೂಲಕ ಏರ್ಪಟ್ಟ ಕರಾರಿಗೆ ಮಾನ್ಯತೆ ನೀಡಿದೆ. ಬಾಕ್ಸೈಟ್ ಪೂರೈಕೆಗೆ ಸಂಬಂಧಿಸಿದ ಟ್ರೈಮೆಕ್ಸ್ ಇಂಟರ್‌ನ್ಯಾಷನಲ್ ಮತ್ತು ವೇದಾಂತ ಅಲ್ಯುಮಿನಿಯಂ ನಡುವಣ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು 2010ರಲ್ಲಿ, ಔಪಚಾರಿಕ ಕರಾರಿಗೆ ಸಹಿ ಬೀಳದಿದ್ದರೂ ಇ-ಮೇಲ್ ವಿನಿಮಯದಲ್ಲಿ ಪ್ರಸ್ತಾವ ಮತ್ತು ಸ್ವೀಕೃತಿ ಸ್ಪಷ್ಟವಾಗಿದ್ದರೆ ಕರಾರು ಏರ್ಪಟ್ಟಂತೆಯೇ ಎಂದು ಹೇಳಿತು. ಅಂದರೆ ಅನ್ಯನು ಅಂಚೆಪೆಟ್ಟಿಗೆಯೊಳಗೆ ಹೊಕ್ಕು "ಒಪ್ಪಿಗೆ" ಎಂದು ಬರೆದರೆ, ಅದು ತನ್ನದಲ್ಲವೆಂದು ಸಾಧಿಸುವ ತೊಂದರೆ ಪೆಟ್ಟಿಗೆಯ ಒಡೆಯನ ಹೆಗಲಿಗೇ ಬೀಳುತ್ತದೆ.

ತೆರಿಗೆಯ ವಿಷಯವೂ ಇದೆ. ಕೇಂದ್ರ ಜಿಎಸ್‌ಟಿ ಕಾಯಿದೆಯ 169ನೇ ಕಲಂ ಪ್ರಕಾರ, ನೋಂದಣಿಯಲ್ಲಿ ನೀಡಿದ ಇ-ಮೇಲ್ ವಿಳಾಸಕ್ಕೆ ಕಳುಹಿಸುವುದು ನೋಟೀಸು ಜಾರಿಯ ಮಾನ್ಯ ವಿಧಾನಗಳಲ್ಲಿ ಒಂದು. ಆ ಪೆಟ್ಟಿಗೆಗೆ ಹೊಕ್ಕವನು ನೋಟೀಸನ್ನು ಅಳಿಸಿಹಾಕಿದರೆ, ಉತ್ತರ ಕೊಡುವ ಗಡುವು ವರ್ತಕನಿಗೆ ತಿಳಿಯದಂತೆ ಕಳೆದುಹೋಗುತ್ತದೆ. ನೋಂದಣಿಯ ದಿನ ಕೈಗೆ ಸಿಕ್ಕ ಯಾವುದೋ ವಿಳಾಸವನ್ನು ಕೊಟ್ಟು, ಅದರ ಪಾಸ್‌ವರ್ಡನ್ನು ಗುಮಾಸ್ತನ ಡೈರಿಯಲ್ಲಿ ಬರೆದಿಡುವ ಪದ್ಧತಿ ಅನೇಕ ಅಂಗಡಿಗಳಲ್ಲಿದೆ. ಗುಮಾಸ್ತ ಕೆಲಸ ಬಿಟ್ಟುಹೋದರೂ ಪಾಸ್‌ವರ್ಡ್ ಬದಲಾಗುವುದಿಲ್ಲ. ಪ್ರತಿ ಹಣಕಾಸು ವರ್ಷದ ಆರಂಭದಲ್ಲಿ ಹೊಸ ಖಾತೆಪುಸ್ತಕ ತೆರೆಯುವಂತೆ, ಈ ವಿಳಾಸ ಯಾರ ಕೈಯಲ್ಲಿದೆ ಎಂಬುದನ್ನೂ ಪರಿಶೀಲಿಸಬೇಕು.

ಸಾಕ್ಷ್ಯದ ದೃಷ್ಟಿಯಿಂದಲೂ ಎಚ್ಚರಿಕೆ ಅಗತ್ಯ. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂ, ವಿದ್ಯುನ್ಮಾನ ದಾಖಲೆಯ ಪ್ರತಿಯನ್ನು ಸಾಕ್ಷ್ಯವಾಗಿ ಮುಂದಿಡುವಾಗ ಪ್ರಮಾಣಪತ್ರವನ್ನು ಕೇಳುತ್ತದೆ. ಯಾರು ಬೇಕಾದರೂ ಬಂದುಹೋಗುವ ಯಂತ್ರದ ಬಗ್ಗೆ ಅಂಥ ಪ್ರಮಾಣಪತ್ರಕ್ಕೆ ಯಾವ ಧೈರ್ಯದಿಂದ ಸಹಿ ಹಾಕಲಾದೀತು?

ಆಕ್ಷೇಪಗಳು

"ಕಾಡಿನ ನಡುವಿನ ಸಣ್ಣ ಊರಿನ ಅಂಗಡಿಯನ್ನು ಯಾರು ಹುಡುಕಿಕೊಂಡು ಬರುತ್ತಾರೆ?" ಎಂಬುದು ಸಾಮಾನ್ಯವಾಗಿ ಕೇಳಿಬರುವ ಮಾತು. ಮನುಷ್ಯರು ಹುಡುಕಿಕೊಂಡು ಬರುವುದಿಲ್ಲ. ಬರುವುದು ಯಂತ್ರಗಳು. ಅವಕ್ಕೆ ರಾಮನಗರವೂ ಒಂದೇ, ಮುಂಬಯಿಯೂ ಒಂದೇ. ತೆರೆದ ಬಾಗಿಲಿನ ಸಂಖ್ಯೆಯಷ್ಟೇ ಅವುಗಳಿಗೆ ಕಾಣುವುದು. ಅಲ್ಲದೆ ಸಣ್ಣ ಪೂರೈಕೆದಾರನ ಪೆಟ್ಟಿಗೆಯ ಮೂಲಕ ದೊಡ್ಡ ಖರೀದಿದಾರನ ಹಣವನ್ನು ತಲುಪುವುದು ವಂಚಕರಿಗೆ ತಿಳಿದ ದಾರಿ.

"ಗುಪ್ತೀಕರಣದಿಂದ ನಿಧಾನವಾಗುತ್ತದೆ, ಇಲ್ಲಿನ ಸಂಪರ್ಕವೇ ದುರ್ಬಲ" ಎಂಬುದು ಇನ್ನೊಂದು ಆಕ್ಷೇಪ. ಗುಪ್ತ ಸಂಪರ್ಕ ಏರ್ಪಡಿಸಲು ಆರಂಭದಲ್ಲಿ ವಿನಿಮಯವಾಗುವ ಮಾಹಿತಿ ಕೆಲವೇ ಕಿಲೋಬೈಟ್. ಪತ್ರದೊಡನೆ ಲಗತ್ತಿಸಿದ ಒಂದು ಛಾಯಾಚಿತ್ರ ಅದರ ನೂರಾರು ಪಟ್ಟು ಇರುತ್ತದೆ. ನಿಧಾನಕ್ಕೆ ಕಾರಣವನ್ನು ಅಲ್ಲಿ ಹುಡುಕುವುದು ನ್ಯಾಯ.

"ಈಗ ಎಲ್ಲವೂ ವಾಟ್ಸ್‌ಆಪ್‌ನಲ್ಲೇ ನಡೆಯುತ್ತದೆ" ಎಂಬ ಮಾತಿನಲ್ಲಿ ಅರ್ಧ ಸತ್ಯವಿದೆ. ದರ ವಿಚಾರಣೆ ಅಲ್ಲಿ ನಡೆಯಬಹುದು. ಆದರೆ ಜಿಎಸ್‌ಟಿ ನೋಂದಣಿಗೆ, ಬ್ಯಾಂಕಿನ ಪತ್ರವ್ಯವಹಾರಕ್ಕೆ, ದೊಡ್ಡ ಕಾರ್ಖಾನೆಯ ಖರೀದಿ ಆದೇಶಕ್ಕೆ ಇ-ಮೇಲ್ ವಿಳಾಸವೇ ಬೇಕು.

ಗಂಭೀರವಾದ ಆಕ್ಷೇಪವೆಂದರೆ ಖರ್ಚು ಮತ್ತು ಪರಿಣತರ ಕೊರತೆ. ಇದನ್ನು ತಳ್ಳಿಹಾಕುವಂತಿಲ್ಲ. ಸ್ವಂತ ಅಂಚೆ ಸರ್ವರ್ ಇಟ್ಟುಕೊಂಡ ಸಣ್ಣ ತಯಾರಕನಿಗೆ ಅದನ್ನು ಸದಾ ನೋಡಿಕೊಳ್ಳುವ ಸಿಬ್ಬಂದಿಯಿರುವುದಿಲ್ಲ. ಅಂಥವರು ಸ್ವಂತ ಸರ್ವರ್‌ನ ಮೋಹವನ್ನು ಬಿಟ್ಟು, ಸ್ವಂತ ಡೊಮೇನ್ ಹೆಸರನ್ನು ಉಳಿಸಿಕೊಂಡು, ಸರ್ವರ್‌ನ ಹೊಣೆಯನ್ನು ನಂಬಿಕಸ್ಥ ಸೇವಾದಾರರಿಗೆ ವಹಿಸುವುದು ವಿವೇಕ. ಆಗ ಹೊರಗಿನಿಂದ ಒಳಕ್ಕೆ ಅಂಚೆಗಾಗಿ ಯಾವ ಬಾಗಿಲನ್ನೂ ತೆರೆಯಬೇಕಾಗಿಲ್ಲ. ಒಳಗಿನಿಂದ ಹೊರಕ್ಕೆ 993 ಮತ್ತು 465 ಅಥವಾ 587 ಸಾಕು. 25ನ್ನು ಕಚೇರಿಯ ಯಂತ್ರಗಳಿಗೆ ಮುಚ್ಚಿಡುವುದರಿಂದ ಇನ್ನೊಂದು ಲಾಭವಿದೆ. ವೈರಸ್ ಹೊಕ್ಕ ಯಂತ್ರವು ಕಸದ ಪತ್ರಗಳನ್ನು ಸುರಿಸಿ, ಕಚೇರಿಯ ವಿಳಾಸವು ಕಪ್ಪುಪಟ್ಟಿಗೆ ಸೇರಿ, ನಿಜವಾದ ಪತ್ರಗಳೂ ಹಿಂದಿರುಗುವ ಫಜೀತಿ ತಪ್ಪುತ್ತದೆ. ಸ್ವಂತ ಸರ್ವರ್ ಇರಲೇಬೇಕೆನ್ನುವವರು ಪ್ರವಾಸದಲ್ಲಿರುವ ಸಿಬ್ಬಂದಿಗೆ ವಿಪಿಎನ್ ಮೂಲಕವೇ ಪೆಟ್ಟಿಗೆಯನ್ನು ತೆರೆದುಕೊಡಬೇಕು.

ಗೂಗಲ್ ಸಂಸ್ಥೆ 2024ರ ಫೆಬ್ರವರಿಯಿಂದ ಜಿಮೇಲ್ ಪೆಟ್ಟಿಗೆಗಳಿಗೆ ಪತ್ರ ಕಳುಹಿಸುವವರೆಲ್ಲರೂ ಎಸ್‌ಪಿಎಫ್ ಅಥವಾ ಡಿಕೆಐಎಂ ಎಂಬ ಗುರುತಿನ ದಾಖಲೆಯನ್ನು ಹೊಂದಿರಬೇಕು, ಗುಪ್ತ ಸಂಪರ್ಕದಲ್ಲೇ ಕಳುಹಿಸಬೇಕು ಎಂದು ವಿಧಿಸಿದೆ. ಭದ್ರತೆಯನ್ನು ಕಡೆಗಣಿಸಿದವರ ದರಪಟ್ಟಿ ಗಿರಾಕಿಯ ಪೆಟ್ಟಿಗೆಗೆ ತಲುಪದೆಯೂ ಹೋಗಬಹುದು. ಆಗ ಇದು ಕಳ್ಳತನದ ಭಯದ ಮಾತಾಗಿ ಉಳಿಯದೆ ವ್ಯಾಪಾರದ ಮಾತೇ ಆಗುತ್ತದೆ.

ವಾಣಿಜ್ಯ ಸಂಸ್ಥೆಯ ಹೊಣೆ

ಒಬ್ಬೊಬ್ಬ ವರ್ತಕನೂ ಪ್ರತ್ಯೇಕವಾಗಿ ತಂತ್ರಜ್ಞನನ್ನು ಹುಡುಕುವುದು ಕಷ್ಟ. ವಾಣಿಜ್ಯ ಸಂಸ್ಥೆಗಳು ಹುಟ್ಟಿದ್ದೇ ಒಬ್ಬರಿಂದಾಗದ್ದನ್ನು ಕೂಡಿ ಮಾಡಲು. ರಾಮನಗರ, ದಾಂಡೇಲಿ, ಹಳಿಯಾಳ, ಮುಂಡಗೋಡಗಳ ವರ್ತಕರು ಸೇರಿ ಒಬ್ಬ ಪರಿಣತನನ್ನು ವರ್ಷಕ್ಕೆರಡು ಬಾರಿ ಕರೆಸಿ, ಸದಸ್ಯರ ಕಚೇರಿಗಳ ಫೈರ್‌ವಾಲ್ ಮತ್ತು ಅಂಚೆ ತಂತ್ರಾಂಶದ ಜೋಡಣೆಯನ್ನು ಪರೀಕ್ಷಿಸಿ, ಒಂದು ಪುಟದ ವರದಿ ಪಡೆಯುವ ಏರ್ಪಾಡು ಅಸಾಧ್ಯವಲ್ಲ. ಆ ವರದಿಯಲ್ಲಿ ತೆರೆದಿರುವ ಪೋರ್ಟ್‌ಗಳ ಪಟ್ಟಿ, ಪ್ರತಿಯೊಂದಕ್ಕೂ ಕಾರಣ, ಎರಡು ಹಂತದ ಪರಿಶೀಲನೆ ಇದೆಯೇ ಎಂಬ ಉತ್ತರ ಇಷ್ಟಿದ್ದರೆ ಸಾಕು. ಕಾರಣ ಹೇಳಲಾಗದ ಬಾಗಿಲನ್ನು ಅಂದೇ ಮುಚ್ಚಬೇಕು. ಸಣ್ಣ ಪೂರೈಕೆದಾರರಿಂದ ಸರಕು ಪಡೆಯುವ ದೊಡ್ಡ ಕಾರ್ಖಾನೆಗಳೂ ಈ ಖರ್ಚಿನಲ್ಲಿ ಪಾಲು ಹೊರುವುದು ಅವರ ಹಿತಕ್ಕೇ ಒಳ್ಳೆಯದು, ಏಕೆಂದರೆ ದಾರಿ ತಪ್ಪುವ ಹಣ ಅವರ ಖಾತೆಯಿಂದಲೇ ಹೊರಡುತ್ತದೆ.

ಇದರ ಜೊತೆಗೆ ಯಂತ್ರದ ನೆರವಿಲ್ಲದೆ ಪಾಲಿಸಬಹುದಾದ ನಿಯಮವೊಂದಿದೆ. ಬ್ಯಾಂಕ್ ಖಾತೆ ಬದಲಾಗಿದೆ ಎಂಬ ಸೂಚನೆ ಇ-ಮೇಲ್‌ನಲ್ಲಿ ಬಂದರೆ, ಆ ಪತ್ರದಲ್ಲಿರುವ ಸಂಖ್ಯೆಗೆ ಕರೆಮಾಡದೆ, ಮೊದಲಿನಿಂದ ತಿಳಿದಿರುವ ಸಂಖ್ಯೆಗೆ ಕರೆಮಾಡಿ ಕೇಳದೆ ಹಣ ಕಳುಹಿಸಕೂಡದು. ಹಣ ಹೋದದ್ದು ತಿಳಿದ ಕ್ಷಣವೇ 1930 ಸಹಾಯವಾಣಿಗೆ ಕರೆಮಾಡಿ, ಬ್ಯಾಂಕಿಗೂ ತಿಳಿಸಬೇಕು. ಖಾತೆಯಿಂದ ಖಾತೆಗೆ ಸಾಗುವ ಮುನ್ನ ಮೊತ್ತವನ್ನು ತಡೆಹಿಡಿಯುವ ಅವಕಾಶವಿರುವುದು ಆರಂಭದ ಕೆಲವು ಗಂಟೆಗಳಲ್ಲಿ ಮಾತ್ರ. ಅಂಚೆಪೆಟ್ಟಿಗೆಗೋ ಸರ್ವರ್‌ಗೋ ಅನ್ಯರು ಹೊಕ್ಕಂಥ ಘಟನೆಗಳನ್ನು ಗಮನಕ್ಕೆ ಬಂದ 6 ಗಂಟೆಗಳೊಳಗೆ ವರದಿ ಮಾಡಬೇಕೆಂದು ಕೇಂದ್ರ ಸರ್ಕಾರದ ಸರ್ಟ್-ಇನ್ ಸಂಸ್ಥೆ 2022ರ ಏಪ್ರಿಲ್ 28ರ ನಿರ್ದೇಶನದಲ್ಲಿ ಹೇಳಿದೆ ಎಂಬುದೂ ಕಂಪೆನಿಗಳಿಗೆ ತಿಳಿದಿರಬೇಕು.

ವರ್ತಕನು ರಾತ್ರಿ ಅಂಗಡಿಯ ಬಾಗಿಲು ಹಾಕಿದ ಮೇಲೆ ಬೀಗವನ್ನು ಒಮ್ಮೆ ಜಗ್ಗಿ ನೋಡುವುದು ತಲೆಮಾರುಗಳಿಂದ ಬಂದ ರೂಢಿ. ಅದಕ್ಕೆ ಯಾವ ತಂತ್ರಜ್ಞಾನವೂ ಬೇಕಿರಲಿಲ್ಲ, ಯಾವ ಕಾಯಿದೆಯೂ ಹೇಳಿಕೊಟ್ಟಿರಲಿಲ್ಲ. ಗಿರಾಕಿಯ ಹಣ, ಪೂರೈಕೆದಾರನ ನಂಬಿಕೆ, ತೆರಿಗೆ ಇಲಾಖೆಯ ನೋಟೀಸು ಇವೆಲ್ಲವೂ ಈಗ ಇನ್ನೊಂದು ಬಾಗಿಲಿನಿಂದಲೂ ಬಂದುಹೋಗುತ್ತಿವೆ. ಆ ಬೀಗವನ್ನೂ ಜಗ್ಗಿ ನೋಡುವ ರೂಢಿಯನ್ನು ಸದಸ್ಯರಲ್ಲಿ ಬೆಳೆಸುವ ಕೆಲಸವನ್ನು ವಾಣಿಜ್ಯ ಸಂಸ್ಥೆಗಳು ಈ ವರ್ಷವೇ ಕೈಗೆತ್ತಿಕೊಳ್ಳುವುದು ಅಪೇಕ್ಷಣೀಯ.